ಡೈಜೆಸ್ಟರ್ ಮನೆ: ಮಾಡಬೇಕಾದ್ದು, ಮಾಡಬಾರದ್ದು

ನೀಲಗಿರಿ, ಅಕೇಶಿಯ, ಗಾಳಿ ಮರಗಳನ್ನು ಬ್ಯಾಚ್ ಡೈಜೆಸ್ಟರಿನಲ್ಲಿ ಬೇಯಿಸಿ ಪಲ್ಪ್ ತೆಗೆಯುವ ಗಿರಣಿಗಳ ಮೂರೂ ಶಿಫ್ಟಿನವರು, ಚಿಪ್ಪರ್ ಮನೆಯವರು, ಲ್ಯಾಬಿನವರು, ಬಾಯ್ಲರಿನವರು, ಗುತ್ತಿಗೆಯ ಮೇಲೆ ಬರುವವರು, ಹೊಸ ಯಂತ್ರ ತರಿಸಲು ಹೊರಟಿರುವ ಎಂಜಿನಿಯರುಗಳು ಎಲ್ಲರೂ ಇದನ್ನು ಓದಬೇಕು. ಓದು ಬಾರದ ಹೆಲ್ಪರುಗಳಿಗೆ ಶಿಫ್ಟ್ ಇನ್‌ಚಾರ್ಜ್ ತಾವೇ ಓದಿ ಹೇಳಬೇಕು.

ಇಲ್ಲಿರುವ ಮಾತುಗಳೆಲ್ಲ ಒಂದೇ ಗುರಿಯವು. ಡೈಜೆಸ್ಟರಿನ ಒಳಗೆ ಬಿದ್ದ ಪ್ರತಿಯೊಂದು ಚಿಪ್ಪಿಗೂ ಅಷ್ಟೇ ಕ್ಷಾರ, ಅಷ್ಟೇ ಶಾಖ, ಅಷ್ಟೇ ಹೊತ್ತು ಸಿಗಬೇಕು. ತಳದ್ದು ಅತಿಯಾಗಿ ಬೆಂದು ಕರಗಿ, ಮೇಲಿನದು ಗಂಟಾಗಿ ಉಳಿದರೆ ಎರಡೂ ಕಡೆ ಮರ ಹಾಳು. ಲ್ಯಾಬಿನ ಚೀಟಿಯಲ್ಲಿ ಮಾತ್ರ ಕಪ್ಪಾದ (ಪಲ್ಪಿನಲ್ಲಿ ಉಳಿದ ಲಿಗ್ನಿನ್ನಿನ ಅಳತೆಯ) ಸರಾಸರಿ ಸರಿಯಾಗಿಯೇ ಬಂದಿರುತ್ತದೆ.

ಹಾಳಾಗುವ ಮರ ಎಷ್ಟು ಎಂಬುದನ್ನು ಕೂತು ಲೆಕ್ಕ ಹಾಕಿ. ನೂರಕ್ಕೆ 45ರ ಇಳುವರಿಯಲ್ಲಿ ದಿನಕ್ಕೆ 100 ಟನ್ ಪಲ್ಪ್ ತೆಗೆಯಲು ಒಣ ತೂಕದಲ್ಲಿ 222 ಟನ್ ಮರ ಬೇಕು. ಇಳುವರಿ 46ಕ್ಕೆ ಏರಿದರೆ 217 ಟನ್ ಸಾಕು. ಉಳಿದ 5 ಟನ್ ಒಣ ಮರವನ್ನು ಅರ್ಧ ನೀರಿರುವ ಹಸಿ ಮರಕ್ಕೆ ಪರಿವರ್ತಿಸಿದರೆ 10 ಟನ್, ಅಂದರೆ ದಿನಕ್ಕೊಂದು ಲಾರಿ. ಆ ಲಾರಿಯಲ್ಲಿ ಬರುವ ಮರವನ್ನು ಯಾರೋ ಒಬ್ಬ ರೈತ ವರ್ಷಗಟ್ಟಲೆ ಕಾದು ಬೆಳೆಸಿರುತ್ತಾನೆ. ಅದನ್ನು ನಾವು ಕಪ್ಪು ನೀರು ಮಾಡಿ ಬಾಯ್ಲರಿಗೆ ಸುರಿಯುವುದು ಸರಿಯಲ್ಲ.

ಮರದ ಅಂಗಳ, ಚಿಪ್ಪರ್ ಮನೆ

ಮೊದಲು ಬಂದ ಮರ ಮೊದಲು ಚಿಪ್ಪರಿಗೆ ಹೋಗಬೇಕು. ರಾಶಿಯ ಹಿಂದುಗಡೆ ಬಿದ್ದಿರುವ ಹಳೆಯ ಮರವನ್ನು ಮುಟ್ಟದೆ, ಲಾರಿಯಿಂದ ಇಳಿದದ್ದನ್ನೇ ಎತ್ತಿ ಕಳಿಸುವ ರೂಢಿ ಇಂದೇ ನಿಲ್ಲಬೇಕು. ಬಹಳ ದಿನ ರಾಶಿ ಹಾಕಿಟ್ಟ ಚಿಪ್ಸ್ ಒಳಗೊಳಗೇ ಕಾವೇರುತ್ತವೆ, ಶಿಲೀಂಧ್ರ ಹತ್ತುತ್ತದೆ, ಇಳುವರಿ ಅಲ್ಲೇ ಸೋರಿಹೋಗುತ್ತದೆ.

ಚಿಪ್ಪಿನ ಉದ್ದ 15ರಿಂದ 25 ಮಿಲಿಮೀಟರ್ ಇದ್ದರೆ ಸಾಕು, ಆದರೆ ನಿಮ್ಮ ಕಣ್ಣು ದಪ್ಪದ ಮೇಲಿರಲಿ. ಕ್ರಾಫ್ಟ್ ವಿಧಾನದಲ್ಲಿ ಕ್ಷಾರ ಚಿಪ್ಪಿನ ಎಲ್ಲ ಮುಖಗಳಿಂದಲೂ ಒಂದೇ ವೇಗದಲ್ಲಿ ಒಳಗೆ ಇಳಿಯುತ್ತದೆ. ಆದ್ದರಿಂದ ಅತಿ ಚಿಕ್ಕ ಅಳತೆ ಯಾವುದೋ ಅದೇ, ಅಂದರೆ ದಪ್ಪವೇ, ಬೇಯುವುದನ್ನು ನಿರ್ಧರಿಸುತ್ತದೆ. 8 ಮಿಲಿಮೀಟರ್ ದಾಟಿದ ಚಿಪ್ಪಿನ ನಡುಭಾಗಕ್ಕೆ ಕ್ಷಾರ ತಲುಪುವ ಹೊತ್ತಿಗೆ ಹೊರಭಾಗ ಬೆಂದು ಮುಗಿದಿರುತ್ತದೆ. ಅಂಥ ಚಿಪ್ಪನ್ನು ಜರಡಿಯಲ್ಲಿ ಹಿಡಿದು ಮತ್ತೆ ಸೀಳಿಸಿ. "ಇನ್ನೊಂದು ಹತ್ತು ನಿಮಿಷ ಹೆಚ್ಚು ಬೇಯಿಸಿದರಾಯಿತು" ಎಂದು ಹಾಗೇ ಕಳಿಸಬೇಡಿ. ಆ ಹತ್ತು ನಿಮಿಷದಲ್ಲಿ ದಪ್ಪ ಚಿಪ್ಪು ಬೇಯುವುದೂ ಇಲ್ಲ, ಒಳ್ಳೆಯ ಚಿಪ್ಪು ಉಳಿಯುವುದೂ ಇಲ್ಲ.

ಚಿಪ್ಪರ್ ಬ್ಲೇಡ್ ಮೊಂಡಾಗಿದೆ ಎಂದು ಸದ್ದಿನಿಂದಲೇ ಗೊತ್ತಾಗುವವರೆಗೆ ಕಾಯಬೇಡಿ. ಬದಲಿಸುವ ಗಂಟೆ ಗೊತ್ತುಮಾಡಿ, ಆ ಗಂಟೆಗೆ ಬದಲಿಸಿ. ಹುಡಿಯನ್ನೂ ಕಡ್ಡಿಯಂಥ ಸಣ್ಣ ಚಿಪ್ಸನ್ನೂ ಒಂದೇ ಡೈಜೆಸ್ಟರಿಗೆ ಒಟ್ಟಿಗೆ ಸುರಿಯಕೂಡದು. ಅವು ಸ್ಟ್ರೈನರಿನ ಬಾಯಿ ಕಟ್ಟುತ್ತವೆ, ಲಿಕ್ಕರ್ ಸುತ್ತುವುದೇ ನಿಲ್ಲುತ್ತದೆ. ತೊಗಟೆ ಕ್ಷಾರವನ್ನು ಕುಡಿಯುತ್ತದೆ, ಕ್ಯಾಲ್ಸಿಯಂ ಬಿಟ್ಟುಕೊಡುತ್ತದೆ, ಆ ಕ್ಯಾಲ್ಸಿಯಂ ಹೀಟರಿನ ಟ್ಯೂಬುಗಳಲ್ಲಿ ಗಾರೆಯ ಹಾಗೆ ಕೂರುತ್ತದೆ. ತೊಗಟೆ ಸುಲಿಯದ ಲೋಡನ್ನು ಗೇಟಿನಲ್ಲೇ ಹಿಂದಕ್ಕೆ ಕಳಿಸುವ ಅಧಿಕಾರ ಅಂಗಳದ ಮೇಸ್ತ್ರಿಗೆ ಇರಬೇಕು. ಅವರು ಹಾಗೆ ಕಳಿಸಿದಾಗ ಖರೀದಿ ವಿಭಾಗದವರು ಫೋನ್ ಮಾಡಿ ಒತ್ತಾಯಿಸಬಾರದು.

ನೀಲಗಿರಿ, ಗಾಳಿ ಮರ, ಸುಬಾಬುಲ್ ಒಂದೇ ಥರ ಬೇಯುವುದಿಲ್ಲ. ಬೆರೆಸುವುದಾದರೆ ಪ್ರಮಾಣ ಗೊತ್ತುಮಾಡಿ, ವಾರಪೂರ್ತಿ ಅದನ್ನೇ ಹಿಡಿಯಿರಿ. ಈ ಲಾರಿ ಬಂತೆಂದು ಇದು, ಆ ಲಾರಿ ಬಂತೆಂದು ಅದು ಎನ್ನುವ ಹಾಗಿಲ್ಲ. ಬಿದಿರಿದ್ದರೆ ಬೇರೆಯಾಗಿಯೇ ಬೇಯಿಸಿ.

ತೇವ

ಪ್ರತಿ ಶಿಫ್ಟಿನಲ್ಲೂ ಚಿಪ್ಸಿನ ತೇವ ಅಳೆಯಬೇಕು, ಮಳೆ ಹಿಡಿದಾಗ ಪ್ರತಿ ಡೈಜೆಸ್ಟರಿಗೂ ಅಳೆಯಬೇಕು. ಬೆಲ್ಟಿನ ಮೇಲಿನ ತೂಕ ನೋಡಿ ಕ್ಷಾರ ಬಿಡುವ ಗಿರಣಿಗಳಲ್ಲಿ ಇದನ್ನು ತಪ್ಪಿಸಿದರೆ ಉಳಿದ ಯಾವ ಸುಧಾರಣೆಯೂ ಫಲ ಕೊಡುವುದಿಲ್ಲ.

ಬೆಲ್ಟ್ 40 ಟನ್ ತೋರಿಸಿತು ಎಂದಿಟ್ಟುಕೊಳ್ಳಿ. ತೇವ ನೂರಕ್ಕೆ 50 ಇದ್ದರೆ ಒಳಗೆ ಹೋದ ಒಣ ಮರ 20 ಟನ್. ಒಣ ಮರದ ಮೇಲೆ ನೂರಕ್ಕೆ 16ರಂತೆ ಕ್ಷಾರ 3.2 ಟನ್ ಬೇಕು. ಬೇಸಗೆಯಲ್ಲಿ ತೇವ 40ಕ್ಕೆ ಇಳಿದಾಗ ಅದೇ 40 ಟನ್ನಿನಲ್ಲಿ 24 ಟನ್ ಒಣ ಮರ ಇರುತ್ತದೆ. ನೀವು ಹಳೆಯ 3.2 ಟನ್ನನ್ನೇ ಬಿಟ್ಟರೆ ಅದಕ್ಕೆ ಸಿಕ್ಕಿದ್ದು ನೂರಕ್ಕೆ 13.3 ಮಾತ್ರ, ಪಲ್ಪ್ ಹಸಿ. ಆಷಾಢದ ಮಳೆಯಲ್ಲಿ ತೇವ 60ಕ್ಕೆ ಏರಿದರೆ ಒಣ ಮರ 16 ಟನ್, ಕ್ಷಾರ ನೂರಕ್ಕೆ 20, ಪಲ್ಪ್ ಕರಗಿ ಬಲ ಕಳೆದುಕೊಳ್ಳುತ್ತದೆ. ಈ ಮೂರೂ ಸಲ ಬೆಲ್ಟ್ ತೋರಿಸಿದ್ದು ಅದೇ ತೂಕ, ಲಾಗ್ ಬುಕ್ಕಿನಲ್ಲಿ ಬರೆದದ್ದು ಅದೇ ಕ್ಷಾರ.

ನಾನು ಕೆಲಸ ಕಲಿತ ಗಿರಣಿಯಲ್ಲಿ ಒಂದು ಮಳೆಗಾಲವಿಡೀ ಹೀಗೇ ಆಯಿತು. ತೇವ ನೋಡುವ ಒಲೆ ಕೆಟ್ಟಿತ್ತು, ರಿಪೇರಿಯ ಚೀಟಿ ಯಾರದೋ ಮೇಜಿನ ಮೇಲೆ ಕೂತಿತ್ತು. ನಮ್ಮ ಪಲ್ಪ್ ಒಂದು ಬ್ಯಾಚಿಗೆ ಒಂದು ಥರ ಹೋಗುತ್ತಿತ್ತು. ಬ್ಲೀಚಿಂಗ್‌ನವರು ನಮ್ಮನ್ನು ಬೈದರು, ನಾವು ಲ್ಯಾಬಿನವರನ್ನು ಬೈದೆವು, ಲ್ಯಾಬಿನವರು ಮರವನ್ನು ಬೈದರು. ಒಲೆ ರಿಪೇರಿಯಾದ ವಾರವೇ ಜಗಳ ನಿಂತಿತು. ಅಂದಿನಿಂದ ತೇವದ ಒಲೆ ಕೆಟ್ಟರೆ ಅದನ್ನು ನಾನು ಡೈಜೆಸ್ಟರ್ ಕೆಟ್ಟಷ್ಟೇ ದೊಡ್ಡ ಕೆಲಸವೆಂದು ಬರೆಸುತ್ತೇನೆ. ನೀವೂ ಹಾಗೇ ಬರೆಸಿ.

ಚಿಪ್ಸಿನೊಳಗಿನ ನೀರೂ ಲಿಕ್ಕರಿನ ಲೆಕ್ಕಕ್ಕೆ ಸೇರುತ್ತದೆ. 20 ಟನ್ ಒಣ ಮರಕ್ಕೆ ಮೂರೂವರೆ ಪಟ್ಟು ದ್ರವ ಎಂದರೆ 70 ಟನ್. ತೇವ ನೂರಕ್ಕೆ 50 ಇದ್ದರೆ ಅದರಲ್ಲಿ 20 ಟನ್ ಚಿಪ್ಸಿನ ಜೊತೆಗೇ ಬಂದಾಗಿದೆ. ಇದನ್ನು ಕಳೆಯದೆ ಬ್ಲ್ಯಾಕ್ ಲಿಕ್ಕರ್ ತುಂಬಬೇಡಿ.

ತುಂಬುವುದು

ಚಿಪ್ಸ್ ಬೀಳುವಾಗ ಮೇಲಿನಿಂದ ಸ್ಟೀಮ್ ಸುತ್ತಿಸಿ ಹರಡುವ ಪ್ಯಾಕರ್ ಇದ್ದರೆ ಬಳಸಿ, ಇಲ್ಲದಿದ್ದರೆ ಹಾಕಿಸಿ. ಹಳೆಯ ಡೈಜೆಸ್ಟರಿನಲ್ಲಿ ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವ ಬದಲಾವಣೆ ಇದೇ ಎಂದು ನಾನು ನಂಬಿದ್ದೇನೆ. ಒಂದೇ ಬಾಯಿಂದ ಧೊಪ್ಪನೆ ಸುರಿದ ಚಿಪ್ಸ್ ನಡುವೆ ಗೋಪುರವಾಗಿ ನಿಂತು ಅಂಚಿನಲ್ಲಿ ಸಡಿಲವಾಗಿರುತ್ತವೆ. ಲಿಕ್ಕರ್ ಸಡಿಲ ಇರುವ ಕಡೆಯೇ ಹರಿಯುತ್ತದೆ, ನಡುವಿನ ಗುಡ್ಡೆ ಬೇಯದೆ ಉಳಿಯುತ್ತದೆ. ಪ್ಯಾಕರ್ ಇದ್ದಾಗ ಸಮನಾಗಿ ಕೂರುತ್ತವೆ, ಅದೇ ಪಾತ್ರೆಗೆ ಹೆಚ್ಚು ಮರವೂ ಹಿಡಿಸುತ್ತದೆ. ಮರ ಹೆಚ್ಚಿದ ಮೇಲೆ ಕ್ಷಾರದ ಲೆಕ್ಕವನ್ನೂ ಹೆಚ್ಚಿಸಲು ಮರೆಯಬೇಡಿ. ಪ್ಯಾಕರ್ ಹಾಕಿದ ಹೊಸದರಲ್ಲಿ ಗಿರಣಿಗಳು ಎಡವುವುದು ಇಲ್ಲೇ.

ಅದೇ ಸ್ಟೀಮ್ ಚಿಪ್ಸಿನೊಳಗಿನ ಗಾಳಿಯನ್ನೂ ಹೊರಗೆ ಓಡಿಸುತ್ತದೆ. ಗಾಳಿ ತುಂಬಿದ ಚಿಪ್ಪು ಲಿಕ್ಕರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಗಾಳಿ ಹೋಗುವ ಮೊದಲೇ ಮುಚ್ಚಳ ಬಿಗಿಯಬೇಡಿ.

ಲಿಕ್ಕರ್

ವೈಟ್ ಲಿಕ್ಕರಿನ ಟೈಟ್ರೇಷನ್ ಪ್ರತಿ ಶಿಫ್ಟಿಗೂ ಆಗಬೇಕು. "ನಿನ್ನೆಯದ್ದೇ ಇರಬಹುದು" ಎಂದು ಊಹಿಸಿ ಬರೆದ ಸಂಖ್ಯೆ ಸುಳ್ಳು ಲೆಕ್ಕ, ಅದು ಲಾಗ್ ಬುಕ್ಕಿಗೆ ಬರಕೂಡದು. ಗೇಜ್ ಗ್ಲಾಸಿನಲ್ಲಿ ಅಳತೆ ನೋಡಿ ಲಿಕ್ಕರ್ ಬಿಡುವಾಗ ನಾವು ಅಳೆಯುವುದು ನೀರಿನ ಎತ್ತರವನ್ನು. ಬೇಯಿಸುವುದು ಅದರೊಳಗಿನ ಕಾಸ್ಟಿಕ್ ಮತ್ತು ಸೋಡಿಯಂ ಸಲ್ಫೈಡ್. ಕಾರ್ಲ್ ಡಾಲ್ 1884ರಲ್ಲಿ ಪೇಟೆಂಟ್ ಪಡೆದ ಈ ವಿಧಾನಕ್ಕೆ ಕ್ರಾಫ್ಟ್, ಎಂದರೆ ಜರ್ಮನ್ ಭಾಷೆಯಲ್ಲಿ ಬಲ, ಎಂಬ ಹೆಸರು ಬಂದದ್ದು ಸಲ್ಫೈಡಿನ ದೆಸೆಯಿಂದ ನಾರು ಗಟ್ಟಿಯಾಗಿ ಉಳಿಯುವುದರಿಂದ. ಸಲ್ಫಿಡಿಟಿ, ಅಂದರೆ ಲಿಕ್ಕರಿನಲ್ಲಿ ಸಲ್ಫೈಡಿನ ಪಾಲು, ಕುಸಿದಾಗ ಸುಮ್ಮನೆ ಕಾಸ್ಟಿಕ್ ಹೆಚ್ಚಿಸಿ ಕಪ್ಪಾ ಸರಿಮಾಡಿದರೆ ಆ ಬಲವನ್ನೇ ಕಳೆದುಕೊಳ್ಳುತ್ತೀರಿ.

ಕುಕ್ ಮುಗಿದಾಗ ಬ್ಲ್ಯಾಕ್ ಲಿಕ್ಕರಿನಲ್ಲಿ ಲೀಟರಿಗೆ 5ರಿಂದ 10 ಗ್ರಾಂ ಕ್ಷಾರ ಉಳಿದಿರಬೇಕು. ಪೂರಾ ಬರಿದಾದರೆ ಕರಗಿದ ಲಿಗ್ನಿನ್ ತಿರುಗಿ ನಾರಿನ ಮೇಲೇ ಕೂರುತ್ತದೆ, ಅದನ್ನು ಯಾವ ವಾಷರ್ ತೊಳೆದರೂ ಹೋಗುವುದಿಲ್ಲ. ಸುಣ್ಣ ಸರಿಯಾಗಿ ತಿಳಿಯಾಗದ, ಮಸುಕಾದ ವೈಟ್ ಲಿಕ್ಕರನ್ನು ತೆಗೆದುಕೊಳ್ಳಬೇಡಿ. ಕಾಸ್ಟಿಸೈಸಿಂಗ್‌ನವರಿಗೆ ಫೋನ್ ಮಾಡಿ, ಕಾಯಿರಿ.

ಆಂಥ್ರಾಕ್ವಿನೋನ್ ಹಾಕಿ ಬೇಯಿಸುವ ಕಡೆ ಒಂದು ಮಾತು. 1970ರ ದಶಕದ ಕೊನೆಯಿಂದ ಬಳಕೆಗೆ ಬಂದ ಈ ಪುಡಿ ಮರದ ಒಣ ತೂಕದ ಸಾವಿರಕ್ಕೆ ಒಂದು ಭಾಗದಷ್ಟು ಬಿದ್ದರೂ ಬೇಗ ಬೇಯಿಸುತ್ತದೆ, ಇಳುವರಿಯನ್ನೂ ಕಾಯುತ್ತದೆ. ಆದರೆ ಆಹಾರ ಕಟ್ಟುವ ಕಾಗದಕ್ಕೆ ಹೋಗುವ ಪಲ್ಪಿಗೆ ಹಾಕಬೇಡಿ. ಕ್ಯಾನ್ಸರಿನ ಸಂಶಯದಿಂದ ಜರ್ಮನಿಯ ಅಪಾಯ ಪರಿಶೀಲನಾ ಸಂಸ್ಥೆ 2013ರಲ್ಲಿ ಇದನ್ನು ಆಹಾರ ಕಾಗದದ ಪಟ್ಟಿಯಿಂದ ತೆಗೆದಿದೆ.

ಕಾಯಿಸುವುದು

ಹೊತ್ತನ್ನು ಗಡಿಯಾರದಿಂದ ಎಣಿಸಬೇಡಿ. ಕೆನಡಾದ ವ್ರೂಮ್ 1957ರಲ್ಲಿ ಕೊಟ್ಟ ಎಚ್-ಫ್ಯಾಕ್ಟರಿನಿಂದ ಎಣಿಸಿ. 100 ಡಿಗ್ರಿಯಲ್ಲಿ ಒಂದು ಗಂಟೆಗೆ 1 ಎಂದು ಹಿಡಿದರೆ 160 ಡಿಗ್ರಿಯಲ್ಲಿ ಗಂಟೆಗೆ ಸುಮಾರು 400, 165ರಲ್ಲಿ ಸುಮಾರು 610, 170ರಲ್ಲಿ ಸುಮಾರು 930. ಹತ್ತೇ ಡಿಗ್ರಿಗೆ ಎರಡು ಪಟ್ಟಿಗಿಂತ ಹೆಚ್ಚು. ಕಂಪ್ಯೂಟರ್ ಇರುವ ಕಡೆ ಅದೇ ಕೂಡಿಸುತ್ತದೆ. ಇಲ್ಲದ ಕಡೆ ಕೋಷ್ಟಕ ಗೋಡೆಗೆ ಅಂಟಿಸಿ, ಹತ್ತು ನಿಮಿಷಕ್ಕೊಮ್ಮೆ ತಾಪ ನೋಡಿ ಕೈಯಲ್ಲೇ ಕೂಡಿಸಿ.

ಸ್ಟೀಮ್ ಇಳಿದು 165ಕ್ಕೆ ಹೋಗಬೇಕಾದದ್ದು 20 ನಿಮಿಷ 160ರಲ್ಲೇ ನಿಂತಿತು ಎನ್ನಿ. ಸಿಗಬೇಕಿದ್ದದ್ದು 203, ಸಿಕ್ಕಿದ್ದು 133, ಬಾಕಿ 70. 165ಕ್ಕೆ ಬಂದ ಮೇಲೆ 7 ನಿಮಿಷ ಹೆಚ್ಚು ಇಟ್ಟರೆ ಬಾಕಿ ತೀರುತ್ತದೆ. ಅಂದಾಜಿನ ಮೇಲೆ ಅರ್ಧ ಗಂಟೆ ಇಟ್ಟವರು ಪಲ್ಪ್ ಕರಗಿಸುತ್ತಾರೆ, ಏನೂ ಇಡದವರು ಗಂಟು ಕಳಿಸುತ್ತಾರೆ.

ಟನ್ನೇಜ್ ಕಡಿಮೆಯಾಯಿತೆಂದು ತಾಪವನ್ನು 170ಕ್ಕೆ ಏರಿಸಿ ಬ್ಯಾಚ್ ಬೇಗ ಮುಗಿಸಕೂಡದು. 165ರಲ್ಲಿ 60 ನಿಮಿಷದ ಕೆಲಸ 170ರಲ್ಲಿ 40 ನಿಮಿಷಕ್ಕೆ ಮುಗಿಯುತ್ತದೆ, ನಿಜ. ಆ ತಾಪದಲ್ಲಿ ಲಿಗ್ನಿನ್ನಿನ ಜೊತೆಗೆ ಸೆಲ್ಯುಲೋಸಿನ ಸರಪಣಿಯೂ ಹೆಚ್ಚು ವೇಗದಲ್ಲಿ ಕಡಿಯುತ್ತದೆ. ಉಳಿದ 20 ನಿಮಿಷವನ್ನು ಪೇಪರ್ ಮಷಿನ್ನಿನವರು ಹರಿದ ರೀಲುಗಳಲ್ಲಿ ತೆರುತ್ತಾರೆ. ತಿಂಗಳ ಕೊನೆಯ ವಾರ ಮೇಲಿನಿಂದ ಒತ್ತಡ ಬರುತ್ತದೆ, ನನಗೆ ಗೊತ್ತು. ಬಂದಾಗ ಈ ಹಾಳೆ ತೋರಿಸಿ.

ಮೊದಲು ನೆನೆಯಬೇಕು, ಆಮೇಲೆ ಬೇಯಬೇಕು. 110ರಿಂದ 120 ಡಿಗ್ರಿಯ ಹತ್ತಿರ ಅರ್ಧ ಗಂಟೆ ಲಿಕ್ಕರ್ ಸುತ್ತಿಸಿ. ಕ್ಷಾರ ಚಿಪ್ಪಿನ ನಡುಭಾಗ ಮುಟ್ಟುವ ಮೊದಲೇ 140 ದಾಟಿಸಿದರೆ ಹೊರಗಿನ ಪದರ ಕ್ಷಾರವನ್ನೆಲ್ಲ ತಿಂದು ಮುಗಿಸುತ್ತದೆ. ಒಳಗಿನದು ಬರಿ ಬಿಸಿನೀರಿನಲ್ಲಿ ಕೂತು ಕಪ್ಪಾಗಿ ಗಟ್ಟಿಯಾಗುತ್ತದೆ. ನಾಟರಿನ ಬಾಯಲ್ಲಿ ಬೀಳುವ, ಹೊರಗೆ ಮೆತ್ತಗೆ ಒಳಗೆ ಕಂದು ಗಂಟುಗಳನ್ನು ಉಗುರಿನಿಂದ ಸೀಳಿ ನೋಡಿ, ಯಾವ ಬ್ಯಾಚಿಗೆ ಅವಸರ ಮಾಡಿದ್ದೆವು ಎಂದು ಅಲ್ಲೇ ತಿಳಿಯುತ್ತದೆ.

ಪ್ರೆಶರ್ ಗೇಜನ್ನು ನಂಬಿ ಬೇಯಿಸಬೇಡಿ. 165 ಡಿಗ್ರಿಯ ಸ್ಟೀಮಿನ ಒತ್ತಡ ಗೇಜಿನಲ್ಲಿ ಸುಮಾರು 6.1 ಕೆ.ಜಿ., 170ರದ್ದು ಸುಮಾರು 7. ಒಳಗೆ ಗಾಳಿಯೂ ಬೇಯುವಾಗ ಹುಟ್ಟಿದ ಅನಿಲವೂ ಸಿಕ್ಕಿಹಾಕಿಕೊಂಡಿದ್ದರೆ ಗೇಜು 7 ತೋರಿಸುತ್ತದೆ, ಥರ್ಮಾಮೀಟರ್ ಇನ್ನೂ 160ರಲ್ಲಿರುತ್ತದೆ. ಇದು ಹುಸಿ ಒತ್ತಡ. ಗೇಜಿನ ಮುಳ್ಳು ನೋಡಿ ಸ್ಟೀಮ್ ಕಟ್ಟಿದವರು ಹಸಿ ಪಲ್ಪ್ ಊದುತ್ತಾರೆ. ಗೇಜು ಮತ್ತು ಥರ್ಮಾಮೀಟರ್ ಎರಡನ್ನೂ ಅಕ್ಕಪಕ್ಕ ಬರೆಯಿರಿ, ಹೊಂದದಿದ್ದರೆ ರಿಲೀಫ್ ವಾಲ್ವನ್ನು ನಿಧಾನವಾಗಿ ಬಿಟ್ಟು ಅನಿಲ ತೆಗೆಯಿರಿ. ಒಮ್ಮೆಲೇ ಪೂರ್ತಿ ತೆರೆದರೆ ಲಿಕ್ಕರೂ ಉಕ್ಕಿ ರಿಲೀಫ್ ಲೈನಿಗೆ ಹೋಗುತ್ತದೆ.

ಸರ್ಕ್ಯುಲೇಷನ್ ಪಂಪಿನ ಆಂಪಿಯರ್ ಮತ್ತು ಡೈಜೆಸ್ಟರಿನ ಮೇಲಿನ, ಕೆಳಗಿನ ತಾಪ, ಈ ಮೂರನ್ನು ಪ್ರತಿ ಹದಿನೈದು ನಿಮಿಷಕ್ಕೆ ಬರೆಯಬೇಕು. ಆಂಪಿಯರ್ ಬಿದ್ದು ಎರಡು ತಾಪಗಳ ನಡುವೆ ಅಂತರ ಹೆಚ್ಚುತ್ತ ಹೋದರೆ ಸ್ಟ್ರೈನರ್ ಕಟ್ಟಿದೆ. ಪಂಪ್ ನಿಂತ ಡೈಜೆಸ್ಟರಿಗೆ ಸ್ಟೀಮ್ ಕೊಡುತ್ತ ಎಚ್-ಫ್ಯಾಕ್ಟರ್ ಎಣಿಸುವುದು ನಿಷಿದ್ಧ. ಆ ಎಣಿಕೆ ಥರ್ಮಾಮೀಟರಿನ ಸುತ್ತ ಇರುವ ಒಂದು ಬಕೆಟ್ ಲಿಕ್ಕರಿಗೆ ಮಾತ್ರ ಸಲ್ಲುತ್ತದೆ.

ನೇರವಾಗಿ ಸ್ಟೀಮ್ ಬಿಟ್ಟು ಕಾಯಿಸುವ ಹಳೆಯ ಪದ್ಧತಿ ಇನ್ನೂ ಉಳಿದಿರುವ ಕಡೆ ಹೀಟ್ ಎಕ್ಸ್‌ಚೇಂಜರಿಗೆ ಬದಲಾಗಲು ಒತ್ತಾಯಿಸಿ. ಬಿಟ್ಟ ಸ್ಟೀಮೆಲ್ಲ ನೀರಾಗಿ ಲಿಕ್ಕರನ್ನು ತೆಳುಮಾಡುತ್ತದೆ, ಆ ನೀರನ್ನು ಇವಾಪೊರೇಟರಿನಲ್ಲಿ ಮತ್ತೆ ಸ್ಟೀಮ್ ಸುಟ್ಟೇ ತೆಗೆಯಬೇಕು. ಎಕ್ಸ್‌ಚೇಂಜರ್ ಇದ್ದಲ್ಲಿ ಕಂಡೆನ್ಸೇಟಿನ ಕಂಡಕ್ಟಿವಿಟಿ ನೋಡದೆ ಬಾಯ್ಲರಿಗೆ ಕಳಿಸಕೂಡದು. ಒಂದು ಟ್ಯೂಬ್ ತೂತಾದರೆ ಬ್ಲ್ಯಾಕ್ ಲಿಕ್ಕರ್ ಬಾಯ್ಲರಿನ ಹೊಟ್ಟೆ ಸೇರುತ್ತದೆ.

ಎರಡು ಡೈಜೆಸ್ಟರಿಗೆ ಒಂದೇ ಹೊತ್ತಿನಲ್ಲಿ ಸ್ಟೀಮ್ ತೆರೆಯಬೇಡಿ. ತೆರೆಯುವ ಮೊದಲು ಬಾಯ್ಲರ್ ಮನೆಗೆ ಹೇಳಿ. ಒಂದು ಬ್ಯಾಚ್ ತಡವಾದರೆ ಉಳಿದ ಎಲ್ಲವನ್ನೂ ಅಷ್ಟಷ್ಟೇ ಹಿಂದೆ ಸರಿಸಿ. ಹಿಂದುಳಿದದ್ದನ್ನು ಹಿಡಿಯಲು ಮೂರನ್ನು ಒಟ್ಟಿಗೆ ಕಾಯಿಸಹೋದರೆ ಹೆಡರಿನ ಒತ್ತಡ ಕುಸಿದು ಮೂರೂ ಅರೆಬೆಂದು ನಿಲ್ಲುತ್ತವೆ.

ಊದುವುದು

ಊದುವ ಮೊದಲು ಒತ್ತಡವನ್ನು ಆದಷ್ಟು ಇಳಿಸಿ. ಪೂರ್ಣ ಒತ್ತಡದಲ್ಲಿ ಬಿಟ್ಟ ಬಿಸಿ ಪಲ್ಪ್ ಬ್ಲೋ ಲೈನಿನ ಮೊಣಕೈಗಳಿಗೆ ಬಡಿಯುತ್ತ, ಒಳಗಿನ ನೀರು ಸಿಡಿದು ಆವಿಯಾಗುತ್ತ ಹೋಗುವಾಗ ನಾರು ಜಜ್ಜಿ ಹೋಗುತ್ತದೆ. ಅದೇ ಮರವನ್ನು ಲ್ಯಾಬಿನ ಪುಟ್ಟ ಡೈಜೆಸ್ಟರಿನಲ್ಲಿ ಬೇಯಿಸಿ ಕೈಯಿಂದ ತೆಗೆದಾಗ ಸಿಗುವ ಬಲದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಈ ಕೆಲವೇ ನಿಮಿಷಗಳಲ್ಲಿ ಹೋಗಿಬಿಡಬಹುದು. ನಾಲ್ಕು ಗಂಟೆ ಜತನದಿಂದ ಬೇಯಿಸಿದ್ದಕ್ಕೆ ಆಗುವ ಈ ನಷ್ಟ ನನ್ನನ್ನು ಯಾವಾಗಲೂ ಕಾಡಿದೆ.

ಬ್ಲೋ ವಾಲ್ವನ್ನು ಪೂರ್ತಿ ತೆರೆಯಿರಿ. ಅರ್ಧ ತೆರೆದು ಇಡಬೇಡಿ, ವಾಲ್ವಿನ ಸೀಟು ಸವೆಯುತ್ತದೆ, ಪಲ್ಪ್ ತಳದಲ್ಲಿ ನಿಲ್ಲುತ್ತದೆ. ಉಳಿದ ಪಲ್ಪಿನ ಮೇಲೆ ಹೊಸ ಚಿಪ್ಸ್ ತುಂಬಕೂಡದು. ಅದು ಎರಡನೆಯ ಸಲ ಬೆಂದು ಗಂಜಿಯಾಗುತ್ತದೆ. ಡೈಜೆಸ್ಟರ್ ಖಾಲಿಯಾಗದಿದ್ದರೆ ಮತ್ತೆ ಲಿಕ್ಕರ್ ತುಂಬಿ ಸಡಿಲಿಸಿ ಊದಿ. ನೇತುಬಿದ್ದ ಪಲ್ಪನ್ನು ಕೆಳಗಿನಿಂದ ಗಳ ಹಾಕಿ ಕೆದಕಲು ಯಾರನ್ನೂ ಕಳಿಸಬೇಡಿ. ಟನ್ನುಗಟ್ಟಲೆ ಬಿಸಿ ಪಲ್ಪ್ ಒಮ್ಮೆಲೇ ಜಾರುತ್ತದೆ.

ಬ್ಲೋ ಆವಿಯನ್ನು ಕಂಡೆನ್ಸರಿಗೆ ಹಿಡಿಯಿರಿ, ಅದರ ಬಿಸಿನೀರು ವಾಷರಿಗೆ ಹೋಗಲಿ. ಆಕಾಶಕ್ಕೆ ಬಿಟ್ಟ ಆವಿಯ ಜೊತೆಗೆ ಹೋಗುವ ಮರ್ಕ್ಯಾಪ್ಟನ್ನಿನ ವಾಸನೆಯನ್ನು ಸುತ್ತಲಿನ ಊರಿನವರು ಉಣ್ಣುವಾಗಲೂ ಮಲಗುವಾಗಲೂ ಸಹಿಸಬೇಕಾಗುತ್ತದೆ. ಆ ಊರುಗಳಲ್ಲಿ ನಮ್ಮ ಮನೆಗಳೂ ಇವೆ.

ಕಪ್ಪಾ

ಪ್ರತಿ ಬ್ಲೋಗೂ ಸ್ಯಾಂಪಲ್ ತೆಗೆಯಿರಿ, ಒಂದೇ ಕಡೆಯಿಂದ ತೆಗೆಯಬೇಡಿ: ಮೊದಲು ಬಂದದ್ದು, ನಡುವಿನದು, ಕೊನೆಯದು. ಬ್ಲೀಚಿಂಗಿಗೆ ಹೋಗುವ ನೀಲಗಿರಿ ಪಲ್ಪಿನ ಕಪ್ಪಾ ಸಾಮಾನ್ಯವಾಗಿ 15ರಿಂದ 20ರ ನಡುವೆ ಇರಬೇಕು. ಕಪ್ಪಾವನ್ನು 0.15ರಿಂದ ಗುಣಿಸಿದರೆ ಪಲ್ಪಿನಲ್ಲಿ ನೂರಕ್ಕೆ ಎಷ್ಟು ಲಿಗ್ನಿನ್ ಉಳಿದಿದೆ ಎಂಬ ಅಂದಾಜು ಸಿಗುತ್ತದೆ. ದಿನದ ಸರಾಸರಿ 18 ಎಂದು ಮಾತ್ರ ಬರೆದು ಸಮಾಧಾನಪಡಬೇಡಿ. 14 ಮತ್ತು 22ರ ಸರಾಸರಿಯೂ 18. ಅತಿ ಹೆಚ್ಚು, ಅತಿ ಕಡಿಮೆ ಎರಡನ್ನೂ ಬೋರ್ಡಿನ ಮೇಲೆ ಬರೆಯಿರಿ, ಆ ಅಂತರ ಕಿರಿದಾಗುತ್ತಿದೆಯೇ ಎಂದು ನೋಡಿ.

ಒಂದೇ ಬ್ಯಾಚಿನ ಚೀಟಿ ನೋಡಿ ಕ್ಷಾರ ಬದಲಿಸಬೇಡಿ. ನಾಲ್ಕೈದು ಬ್ಯಾಚು ಒಂದೇ ಕಡೆ ವಾಲಿದರೆ ಬದಲಿಸಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಅನಿಲ, ಮತ್ತು ಒಳಗೆ ಇಳಿಯುವುದು

ಇಲ್ಲಿಯವರೆಗಿನ ತಪ್ಪುಗಳಿಗೆ ಪಲ್ಪ್ ಹಾಳಾಗುತ್ತದೆ. ಇಲ್ಲಿ ತಪ್ಪಿದರೆ ಮನುಷ್ಯ ಹೋಗುತ್ತಾನೆ. ಈ ಭಾಗದಲ್ಲಿ ಯಾರಿಗೂ, ಮ್ಯಾನೇಜರಿಗೂ, ವಿನಾಯಿತಿ ಇಲ್ಲ.

ಬ್ಲ್ಯಾಕ್ ಲಿಕ್ಕರಿಗೆ ಆಸಿಡ್ ಮುಟ್ಟಕೂಡದು. ಎರಡೂ ಸೇರಿದ ಕ್ಷಣ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಹೀಟರಿನ ಗಾರೆ ತೆಗೆಯಲು ಆಸಿಡ್ ಹಾಕುವ ದಿನ ಲೈನಿನಲ್ಲಿ ಲಿಕ್ಕರಿನ ಹನಿಯೂ ಉಳಿಯದಂತೆ ನೀರಿನಿಂದ ತೊಳೆಯಿರಿ, ಪರೀಕ್ಷಿಸಿ, ಆಮೇಲೆ ಇನ್ಹಿಬಿಟರ್ ಬೆರೆಸಿದ ಆಸಿಡ್ ಬಿಡಿ. ತೊಳೆದ ಆಸಿಡ್ ಯಾವ ಚರಂಡಿಗೆ ಹೋಗುತ್ತದೆ, ಆ ಚರಂಡಿಗೆ ಬೇರೆ ಯಾರು ಏನು ಬಿಡುತ್ತಿದ್ದಾರೆ ಎಂದು ತಿಳಿಯದೆ ಡ್ರೇನ್ ತೆರೆಯಬೇಡಿ. ಅಮೆರಿಕದ ಅಲಬಾಮಾದಲ್ಲಿ ಪೆನ್ನಿಂಗ್ಟನ್ ಬಳಿಯ ಪಲ್ಪ್ ಗಿರಣಿಯಲ್ಲಿ 2002ರ ಜನವರಿ 16ರಂದು ಆಸಿಡ್ ಹರಿಯುತ್ತಿದ್ದ ಚರಂಡಿಗೆ ಸೋಡಿಯಂ ಹೈಡ್ರೋಸಲ್ಫೈಡ್ ಸೇರಿತು. ಮ್ಯಾನ್‌ಹೋಲಿನಿಂದ ಎದ್ದ ಅನಿಲಕ್ಕೆ ಹತ್ತಿರದಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಗುತ್ತಿಗೆ ಕೆಲಸಗಾರರು ಸತ್ತರು, ಎಂಟು ಮಂದಿ ಅಸ್ವಸ್ಥರಾದರು.

ವಾಸನೆಯನ್ನು ನಂಬಬೇಡಿ. ಕೊಳೆತ ಮೊಟ್ಟೆಯ ನಾತ ಬರುವುದು ಅನಿಲ ಅತಿ ಸ್ವಲ್ಪ ಇರುವಾಗ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ ಮುಟ್ಟುವ ಹೊತ್ತಿಗೆ ಮೂಗು ಸತ್ತುಹೋಗುತ್ತದೆ, ಅದೇ ಪ್ರಾಣಕ್ಕೆ ಅಪಾಯದ ಮಟ್ಟವೂ ಹೌದು. 1000 ಮುಟ್ಟಿದರೆ ಒಂದೆರಡು ಉಸಿರಿಗೇ ಕುಸಿಯುತ್ತಾರೆ. "ಈಗ ವಾಸನೆ ಹೋಯಿತು, ಇಳಿಯಬಹುದು" ಎಂಬ ಮಾತು ಯಾರ ಬಾಯಿಂದ ಬಂದರೂ ಅವರನ್ನು ಹಿಡಿದು ದೂರ ಕರೆದೊಯ್ಯಿರಿ.

ಡೈಜೆಸ್ಟರಿಗೆ, ಬ್ಲೋ ಟ್ಯಾಂಕಿಗೆ, ಚರಂಡಿ ಗುಂಡಿಗೆ ಇಳಿಯುವ ಮೊದಲು ಪರ್ಮಿಟ್ ಆಗಬೇಕು. ಸ್ಟೀಮ್, ಲಿಕ್ಕರ್, ರಿಲೀಫ್, ಬ್ಲೋ ಎಲ್ಲ ಲೈನಿಗೂ ಬ್ಲೈಂಡ್ ಪ್ಲೇಟ್ ಬಿಗಿಯಬೇಕು. ವಾಲ್ವ್ ಮುಚ್ಚಿ ಬೀಗ ಹಾಕಿದ್ದು ಸಾಲದು: ರಿಲೀಫ್ ಹೆಡರ್ ಮತ್ತು ಬ್ಲೋ ಲೈನ್ ಎಲ್ಲ ಡೈಜೆಸ್ಟರುಗಳಿಗೂ ಒಂದೇ. ನೀವು ಮೂರನೆಯದರೊಳಗೆ ಇರುವಾಗ ನಾಲ್ಕನೆಯದನ್ನು ಊದಿದರೆ ಸೋರುವ ವಾಲ್ವಿನ ಮೂಲಕ ಅನಿಲ ನಿಮ್ಮ ಬಳಿಗೆ ಬರುತ್ತದೆ. ಆಮ್ಲಜನಕ ನೂರಕ್ಕೆ 19.5ಕ್ಕಿಂತ ಕಡಿಮೆ ಇರಕೂಡದು. ಮೇಲೆ, ನಡುವೆ, ತಳದಲ್ಲಿ ಮೂರು ಕಡೆಯೂ ಅಳೆಯಿರಿ, ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಮಡುಗಟ್ಟುತ್ತದೆ. ಬ್ಲೋವರ್ ನಿಲ್ಲಕೂಡದು. ಬಾಯಲ್ಲಿ ಒಬ್ಬರು ಕಾವಲಿರಬೇಕು, ಅವರಿಗೆ ಬೇರೆ ಯಾವ ಕೆಲಸವನ್ನೂ ಕೊಡಬಾರದು, ಚಹಾ ತರಲು ಕೂಡ ಕಳಿಸಬಾರದು.

ಒಳಗೆ ಒಬ್ಬ ಬಿದ್ದರೆ ಹಿಂದೆಯೇ ಧುಮುಕಬೇಡಿ. ಇದನ್ನು ಬರೆಯುವುದು ಸುಲಭ, ಕಣ್ಣೆದುರು ಜೊತೆಗಾರ ಬಿದ್ದಾಗ ನಿಲ್ಲುವುದು ಕಷ್ಟ. ಹಾಗಾಗಿಯೇ ಮೈಗೆ ಹಾರ್ನೆಸ್, ಹಗ್ಗ, ಮೇಲೆ ಎಳೆಯುವ ರಾಟೆ ಇಲ್ಲದೆ ಯಾರನ್ನೂ ಇಳಿಸಕೂಡದು ಎನ್ನುವುದು. ಒಮ್ಮೆ ಹೀಗೆ ಒಳಗೆ ಬಿದ್ದ ನನ್ನ ಜೊತೆಗಾರನೊಬ್ಬ ಇವತ್ತು ಮೊಮ್ಮಕ್ಕಳನ್ನು ಆಡಿಸುತ್ತಿದ್ದಾನೆಂದರೆ ಅದು ಅಂದು ಬಾಯಲ್ಲಿ ಕೂತಿದ್ದ ಹೆಲ್ಪರ್ ಹಗ್ಗ ಬಿಡದೆ ಹಿಡಿದಿದ್ದರಿಂದಲೇ.

ಗಿರಣಿ ನಿಂತಿದೆ ಎಂದರೆ ಅಪಾಯ ನಿಂತಿದೆ ಎಂದಲ್ಲ. ನಿಂತ ಟ್ಯಾಂಕಿನಲ್ಲಿ ಕೊಳೆಯುವ ನಾರು, ನೀರು ತಾವಾಗಿಯೇ ಅನಿಲ ಹುಟ್ಟಿಸುತ್ತವೆ. 2020ರ ಮೇ ತಿಂಗಳಲ್ಲಿ ಛತ್ತೀಸಗಢದ ರಾಯಗಢ ಬಳಿ, ಲಾಕ್‌ಡೌನಿನಲ್ಲಿ ಮುಚ್ಚಿದ್ದ ಕಾಗದ ಗಿರಣಿಯೊಂದನ್ನು ಮತ್ತೆ ತೆರೆಯಲು ಟ್ಯಾಂಕ್ ಸ್ವಚ್ಛ ಮಾಡುತ್ತಿದ್ದ ಏಳು ಕಾರ್ಮಿಕರು ಅನಿಲಕ್ಕೆ ಸಿಕ್ಕಿ ಆಸ್ಪತ್ರೆ ಸೇರಿದರು. ವಾರ್ಷಿಕ ಶಟ್‌ಡೌನಿನ ಮೊದಲ ದಿನ ಇದನ್ನು ಗುತ್ತಿಗೆಯವರಿಗೆ ಅವರ ಭಾಷೆಯಲ್ಲಿ ಹೇಳಿ.

ಅದೇ ಶಟ್‌ಡೌನಿನಲ್ಲಿ ಡೈಜೆಸ್ಟರಿನ ಗೋಡೆಯ ದಪ್ಪವನ್ನು ಅಲ್ಟ್ರಾಸೋನಿಕ್ ಯಂತ್ರದಿಂದ, ಹಿಂದಿನ ವರ್ಷ ಅಳೆದ ಬಿಂದುಗಳಲ್ಲೇ ಅಳೆಯಿಸಿ. ಕ್ಷಾರ ಕಾರ್ಬನ್ ಸ್ಟೀಲನ್ನು ತಿನ್ನುತ್ತದೆ, ಬೆಸುಗೆಯ ಗೆರೆಗಳಲ್ಲಿ ಬಿರುಕು ಬಿಡಿಸುತ್ತದೆ. ತೆಳುವಾದ ಗೋಡೆಯ ಮೇಲೆ "ಇನ್ನೊಂದು ವರ್ಷ ನಡೆಯುತ್ತದೆ" ಎಂದು ಸಹಿ ಹಾಕಬೇಡಿ.

ಹೊಸ ವ್ಯವಸ್ಥೆ ತರುವಾಗ

1980ರ ದಶಕದಲ್ಲಿ ಬಂದ ಡಿಸ್‌ಪ್ಲೇಸ್‌ಮೆಂಟ್ ಕುಕಿಂಗ್ ಬ್ಯಾಚ್ ಡೈಜೆಸ್ಟರಿನ ದಿಕ್ಕನ್ನೇ ಬದಲಿಸಿತು. ಮುಗಿದ ಕುಕ್ಕಿನ ಬಿಸಿ ಬ್ಲ್ಯಾಕ್ ಲಿಕ್ಕರನ್ನು ತಣ್ಣನೆಯ ವಾಷ್ ಲಿಕ್ಕರ್ ತಳದಿಂದ ಮೇಲಕ್ಕೆ ತಳ್ಳುತ್ತದೆ. ಆ ಬಿಸಿ ಲಿಕ್ಕರ್ ಅಕ್ಯುಮುಲೇಟರಿನಲ್ಲಿ ಕೂತು ಮುಂದಿನ ಬ್ಯಾಚಿನ ಚಿಪ್ಸನ್ನು ಕಾಯಿಸುತ್ತದೆ. ಅದರಲ್ಲಿ ಉಳಿದ ಸಲ್ಫೈಡನ್ನು ಚಿಪ್ಸ್ ಮೊದಲೇ ಹೀರಿಕೊಳ್ಳುವುದರಿಂದ ಬೇಯುವುದೂ ಹದವಾಗುತ್ತದೆ. ಪಲ್ಪ್ 100 ಡಿಗ್ರಿಗಿಂತ ಕೆಳಗೆ ಇಳಿದ ಮೇಲೆ ಪಂಪಿನಿಂದ ಹೊರಬರುತ್ತದೆ, ಜಜ್ಜುವುದಿಲ್ಲ. ಕುಕಿಂಗಿಗೆ ಬೇಕಾಗುವ ಸ್ಟೀಮ್ ಅರ್ಧಕ್ಕೆ ಅರ್ಧ ಉಳಿಯುತ್ತದೆ. ದುಡ್ಡಿರುವ ಗಿರಣಿ ಇದನ್ನು ಮಾಡಲೇಬೇಕು.

ಆದರೆ ಡೈಜೆಸ್ಟರ್ ಮನೆಯ ನಕ್ಷೆ ಮಾತ್ರ ನೋಡಿ ಆರ್ಡರ್ ಕೊಡಬೇಡಿ. ತಳ್ಳಲು ಬೇಕಾದಷ್ಟು ವಾಷ್ ಲಿಕ್ಕರ್ ವಾಷರಿನಿಂದ ಸಿಗುತ್ತದೆಯೇ, ಟ್ಯಾಂಕುಗಳು ತುಂಬಿದರೆ ಎಲ್ಲಿಗೆ ಹೋಗಬೇಕು, ಇವಾಪೊರೇಟರ್ ತಡೆಯುತ್ತದೆಯೇ ಎಂದು ಮೊದಲು ಲೆಕ್ಕ ಮಾಡಿ. ಹಳೆಯ ಸ್ಟ್ರೈನರ್, ಹಳೆಯ ಚಿಪ್ಪರ್ ಹಾಗೇ ಇಟ್ಟುಕೊಂಡು ಹೊಸ ಟ್ಯಾಂಕ್ ನಿಲ್ಲಿಸಬೇಡಿ. ಕಟ್ಟಿದ ಸ್ಟ್ರೈನರಿನಲ್ಲಿ ಲಿಕ್ಕರ್ ಸುತ್ತುವುದಿಲ್ಲ, ತಳ್ಳುವುದೂ ಇಲ್ಲ.

ನಕ್ಷೆ ಬರೆಯುವ ಮೊದಲು ಮೂರೂ ಶಿಫ್ಟಿನ ಆಪರೇಟರುಗಳನ್ನು ಕೂರಿಸಿಕೊಂಡು ಕೇಳಿ. ಉತ್ತರ ಕನ್ನಡದ ಕಾಡಿನಲ್ಲಿ ಕಾಗದಕ್ಕಾಗಿ ಬಿದಿರು ಕಡಿಯುವಾಗ ಮೆಳೆಯ ಬುಡದ ಮುಳ್ಳುಪೊದೆಯನ್ನು ಸವರಿ ಚೊಕ್ಕ ಮಾಡಲಾಗುತ್ತಿತ್ತು. ಆ ಮುಳ್ಳೇ ಎಳೆ ಕಳಲೆಯನ್ನು ದನಗಳಿಂದ ಕಾಯುತ್ತದೆಂದು ಅಲ್ಲಿನ ಹಳ್ಳಿಯವರಿಗೆ ಮೊದಲೇ ಗೊತ್ತಿತ್ತು. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಹೋಗಿ ಕೇಳಿ, ಅಳೆದು ನೋಡಿದಾಗ ಹಳ್ಳಿಯವರು ಹೇಳಿದ್ದೇ ನಿಜವಾಯಿತು. ಇಲ್ಲಿಯೂ ಹಾಗೆಯೇ: ಯಾವ ಡೈಜೆಸ್ಟರ್ ಮಳೆಗಾಲದಲ್ಲಿ ಎಡಕ್ಕೆ ಹಸಿ ಬಿಡುತ್ತದೆ, ಯಾವ ವಾಲ್ವ್ ರಾತ್ರಿ ಪಾಳಿಯಲ್ಲಿ ಸೋರುತ್ತದೆ ಎಂಬುದು ಕನ್ಸಲ್ಟೆಂಟರ ಕಡತದಲ್ಲಿ ಇರುವುದಿಲ್ಲ, ಇಪ್ಪತ್ತು ವರ್ಷ ಅದರ ಪಕ್ಕ ನಿಂತವರ ಕೈಯಲ್ಲಿ ಇರುತ್ತದೆ.

ಹೊಸ ವ್ಯವಸ್ಥೆಗೆ ಒಂದು ಡೈಜೆಸ್ಟರನ್ನು ಮೊದಲು ಒಪ್ಪಿಸಿ. ಅದರ ಕಪ್ಪಾದ ಅಂತರ, ಗಂಟಿನ ತೂಕ, ಟನ್ನಿಗೆ ಹಿಡಿದ ಸ್ಟೀಮ್, ಪಲ್ಪಿನ ಬಲ ಈ ನಾಲ್ಕನ್ನೂ ಹಳೆಯವುಗಳ ಪಕ್ಕದಲ್ಲಿ ಬರೆದು ಪೂರ್ತಿ ಒಂದು ಮಳೆಗಾಲ, ಒಂದು ಬೇಸಗೆ ನೋಡಿ. ಅಷ್ಟು ಆಗುವವರೆಗೆ ಉಳಿದವುಗಳ ಹಳೆಯ ಲೈನ್ ಕತ್ತರಿಸಬೇಡಿ.

ಈ ಹಾಳೆಯ ಪ್ರತಿಯನ್ನು ಚಿಪ್ಪರ್ ಮನೆ, ಕಂಟ್ರೋಲ್ ರೂಮ್, ಲ್ಯಾಬ್, ಬಾಯ್ಲರ್ ಮನೆ ಮತ್ತು ಡೈಜೆಸ್ಟರಿನ ಬಾಯಿರುವ ಮೇಲಿನ ಅಟ್ಟದಲ್ಲಿ ಅಂಟಿಸಿ. ಅಟ್ಟದ ಮೇಲಿನ ಪ್ರತಿ ಆವಿಗೆ ಮಾಸುತ್ತದೆ, ತಿಂಗಳಿಗೊಮ್ಮೆ ಬದಲಿಸಿ.